ಕತ್ತಲೆಕಾನಿನ ಮರ ಮತ್ತು ಸಸ್ಯಶಾಸ್ತ್ರ ಪ್ರಾಧ್ಯಾಪಕರ ಬಡ್ತಿ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಕೆಸರು ಕಾಡಿನಲ್ಲಿ, ಬೆಳೆಯುವ, ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 2000ದಲ್ಲಿ. ದಾಸಪ್ಪ ಮತ್ತು ಸ್ವಾಮಿನಾಥ್ ಅವರು ಅದನ್ನು ಹೊಸ ಪ್ರಭೇದವೆಂದು ವಿವರಿಸಿ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಕರೆದರು. ಬ್ರಿಟಿಷರ ಕಾಲದಿಂದಲೂ ಅಳೆದು, ಕಡಿದು, ನೆಡುತೋಪು ಮಾಡಿದ ಕಾಡುಗಳ ಜಿಲ್ಲೆಯಲ್ಲಿ ಒಂದು ಮರ ಅಷ್ಟು ಕಾಲ ಹೆಸರಿಲ್ಲದೆ ಉಳಿದದ್ದೇಕೆ? ಉತ್ತರದ ಒಂದು ಭಾಗ ಇಂಥ ಹುಡುಕಾಟವನ್ನು ಯಾರು ಮಾಡಬೇಕು, ಮಾಡಿದವರಿಗೆ ವೃತ್ತಿಯಲ್ಲಿ ಏನು ಸಿಗುತ್ತದೆ ಎಂಬುದರಲ್ಲಿದೆ.

ಆರಂಭದಲ್ಲಿ ಈ ಕೆಲಸ ಪ್ರಾಧ್ಯಾಪಕರದ್ದಾಗಿರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಇಲ್ಲಿ ಸೇವೆ ಸಲ್ಲಿಸಿದ ಅರಣ್ಯಾಧಿಕಾರಿ ಡಬ್ಲ್ಯು.ಎ. ಟಾಲ್ಬಟ್ ಅವರು ಪ್ರಾಂತ್ಯದ ಅರಣ್ಯ ಸಸ್ಯಗಳ ಗ್ರಂಥವನ್ನು 1909 ಮತ್ತು 1911ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ನಿವೃತ್ತಿಯ ನಂತರ ಕಾರವಾರದಲ್ಲೇ ನೆಲೆಸಿದ ಅರಣ್ಯಾಧಿಕಾರಿ ಟಿ.ಆರ್. ಬೆಲ್ ಕೂಡ ಐಸಿಎಸ್ ಅಧಿಕಾರಿ ಸೆಡ್ಜ್‌ವಿಕ್ ಅವರೊಂದಿಗೆ ಗಿಡಗಳನ್ನು ಸಂಗ್ರಹಿಸಿದವರು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂದ ಮೇಲೆ ಸಸ್ಯಶಾಸ್ತ್ರದ ಉನ್ನತ ಶಿಕ್ಷಣ ಜಿಲ್ಲೆಯ ಮಕ್ಕಳಿಗೆ ಹತ್ತಿರವಾಯಿತು.

ಗಿಡ ಗುರುತಿಸುವ ಕೆಲಸ ನಿಧಾನದ್ದು. ಹೂವು, ಕಾಯಿ ಇರುವ ರೆಂಬೆಯನ್ನು ಹಳೆಯ ಪತ್ರಿಕೆಯ ಮಡಿಕೆಯಲ್ಲಿ ಹರಡಿ, ಹಲಗೆಗಳ ನಡುವೆ ಬಿಗಿದು, ಮಳೆಗಾಲವಾದರೆ ದಿನವೂ ಕಾಗದ ಬದಲಿಸಿ ಒಲೆಯ ಬಿಸಿಗೆ ಒಣಗಿಸಬೇಕು. ಇಲ್ಲವಾದರೆ ಬೂಷ್ಟು ಹಿಡಿದು ಎಲೆ ಕಪ್ಪಾಗುತ್ತದೆ. ರಾಮಪತ್ರೆಯಂಥ ಮರಗಳಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಎರಡರ ಹೂವೂ, ಮುಂದೆ ಕಾಯಿಯೂ ಬೇಕೆಂದರೆ, ಕೆಸರಿನಿಂದ ಮಂಡಿ ಮಡಚಿದಂತೆ ಎದ್ದ ಬೇರುಗಳನ್ನು ದಾಟುತ್ತ ಅದೇ ಜಡ್ಡಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ.

1986ರಲ್ಲಿ ಕೇಂದ್ರ ಸರ್ಕಾರ ಜೈವಿಕ ತಂತ್ರಜ್ಞಾನ ಇಲಾಖೆಯನ್ನು ತೆರೆದ ನಂತರ ಅನುದಾನ ಅಂಗಾಂಶ ಕೃಷಿ ಮತ್ತು ಅಣು ಜೀವವಿಜ್ಞಾನದ ಕಡೆಗೆ ಹರಿಯಿತು. ಅದು ಬೇಕಾದ ವಿದ್ಯೆಯೇ. ಆದರೆ ನಿವೃತ್ತರಾದ ವರ್ಗೀಕರಣ ತಜ್ಞರ ಜಾಗಕ್ಕೆ ಬಹಳ ಕಡೆ ಪ್ರಯೋಗಾಲಯದವರೇ ಬಂದರು. ಇದೇ ಕಾಲದಲ್ಲಿ ಕುಮಟಾದ ಕಾಲೇಜು ಅಧ್ಯಾಪಕ ಎಂ.ಡಿ. ಸುಭಾಷ್ ಚಂದ್ರನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರ ಒಡನಾಟದಲ್ಲಿ ಜಿಲ್ಲೆಯ ಕಾನು (ದಟ್ಟ ನಿತ್ಯಹರಿದ್ವರ್ಣ ಕಾಡು) ಮತ್ತು ದೇವರಕಾಡುಗಳ ಚರಿತ್ರೆಯನ್ನು ಬಿಡಿಸಿಟ್ಟರು ಎಂಬುದನ್ನು ನಾನು ವಿಶೇಷವಾಗಿ ನೆನೆಯುತ್ತೇನೆ. ಶಿರಸಿಯ ಅರಣ್ಯ ಕಾಲೇಜು ಕತ್ತಲೆಕಾನಿನ ಆ ಮರದ ಸಂತತಿಯನ್ನು ಅಧ್ಯಯನ ಮಾಡಿತು. 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದೊಳಗೆ ಕತ್ತಲೆಕಾನೂ ಸೇರಿತು.

ವಿಶ್ವವಿದ್ಯಾಲಯ ಅನುದಾನ ಆಯೋಗ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿಯನ್ನು ತಂದಿತು. ಈಗ ಜಾರಿಯಲ್ಲಿರುವ 2018ರ ನಿಯಮದಂತೆ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ಪಿಎಚ್.ಡಿ., ಹತ್ತು ವರ್ಷದ ಅನುಭವ, ಕನಿಷ್ಠ 10 ಪ್ರಬಂಧ ಮತ್ತು 120 ಸಂಶೋಧನಾ ಅಂಕ ಬೇಕು. ಇಂಪ್ಯಾಕ್ಟ್ ಫ್ಯಾಕ್ಟರ್ (ಒಂದು ಪತ್ರಿಕೆಯ ಪ್ರಬಂಧಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಅಳತೆ) ಇಲ್ಲದ ಪತ್ರಿಕೆಯ ಪ್ರಬಂಧಕ್ಕೆ 5 ಅಂಕ, ಅದು 2ರಿಂದ 5ರೊಳಗಿರುವ ಪತ್ರಿಕೆಯದ್ದಾದರೆ 20. ದೇಶೀಯ ಪ್ರಕಾಶಕರು ಹೊರತರುವ ಪುಸ್ತಕಕ್ಕೆ 10. ಹೊಸ ಪ್ರಭೇದದ ವಿವರಣೆಗಳನ್ನು ಓದುವವರು, ಉಲ್ಲೇಖಿಸುವವರು ಕಡಿಮೆ. ಆದ್ದರಿಂದ ಅವುಗಳನ್ನು ಪ್ರಕಟಿಸುವ ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಸಾಮಾನ್ಯವಾಗಿ ತಗ್ಗಿನದ್ದೇ. ವರ್ಷಗಟ್ಟಲೆ ಅಲೆದು ಒಂದು ತಾಲ್ಲೂಕಿನ ಸಸ್ಯಸಂಪತ್ತಿನ ಗ್ರಂಥ ಬರೆದವರಿಗೆ ಒಂದು ಪ್ರಯೋಗಾಲಯ ಪ್ರಬಂಧದ ಅರ್ಧದಷ್ಟು ಅಂಕ ಸಿಗುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಒಣಗಿಸಿದ ಸಸ್ಯಗಳ ಸಂಗ್ರಹಾಲಯವಾದ ಹರ್ಬೇರಿಯಂಗೆ ಕೊಟ್ಟ ಮಾದರಿಗಳಿಗಂತೂ ಆ ಕೋಷ್ಟಕದಲ್ಲಿ ಜಾಗವೇ ಇಲ್ಲ.

2025ರ ಜನವರಿಯ ಕರಡು ನಿಯಮದಲ್ಲಿ ಆಯೋಗ ಅಂಕಗಳನ್ನು ಬಿಟ್ಟು ಒಂಬತ್ತು ಬಗೆಯ ಗಮನಾರ್ಹ ಕೊಡುಗೆಗಳನ್ನು ಪಟ್ಟಿ ಮಾಡಿತು. ಸ್ಟಾರ್ಟಪ್, ಡಿಜಿಟಲ್ ಪಠ್ಯ, ಭಾರತೀಯ ಭಾಷೆಗಳಲ್ಲಿ ಬೋಧನೆ ಅದರಲ್ಲಿವೆ. ಕ್ಷೇತ್ರ ಸಮೀಕ್ಷೆ ಮತ್ತು ಹರ್ಬೇರಿಯಂ ಕೆಲಸವನ್ನೂ ಹೆಸರಿಸಿ ಆ ಪಟ್ಟಿಗೆ ಸೇರಿಸುವಂತೆ ಶಿರಸಿ, ಕುಮಟಾ, ಕಾರವಾರದ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಆಯೋಗವನ್ನು ಒತ್ತಾಯಿಸಬೇಕು.