ಕೈಯಿಂದ ಕೈವರೆಗೆ: ಲಾಟ್ವಿಯನ್ ಅನುವಾದದಲ್ಲಿ ದಿನಬಳಕೆಯ ಪದಗಳು

ಊದಿಕೊಂಡ ಕೈಗೆ ಪಟ್ಟಿ ಸುತ್ತುವ ಕ್ರಮವನ್ನು ತಿಳಿಸುವ ಇಂಗ್ಲಿಷ್ ಕರಪತ್ರವೊಂದರ ಲಾಟ್ವಿಯನ್ (ಯುರೋಪಿನ ಲಾಟ್ವಿಯಾ ದೇಶದ ಭಾಷೆ) ಅನುವಾದ ಪರಿಶೀಲನೆಗೆಂದು ನನ್ನ ಬಳಿ ಬಂದಿತ್ತು. ‘ಹ್ಯಾಂಡ್‌ನಿಂದ ಆರಂಭಿಸಿ ಆರ್ಮ್‌ವರೆಗೆ’ ಎಂಬ ಸೂಚನೆ ಅದರಲ್ಲಿ ‘ಕೈಯಿಂದ ಕೈವರೆಗೆ’ ಎಂದಾಗಿತ್ತು. ಅನುವಾದಕರು ನಿಘಂಟು ನೋಡಿಯೇ ಬರೆದಿದ್ದರು. ಎರಡೂ ಇಂಗ್ಲಿಷ್ ಪದಗಳ ಎದುರಿಗೆ ಅಲ್ಲಿ ‘ರುವೊಕ’ ಎಂದೇ ಇತ್ತು. ಹೆಗಲಿನಿಂದ ಬೆರಳತುದಿಯವರೆಗೂ ಲಾಟ್ವಿಯನ್ನರಿಗೆ ಅದೊಂದೇ ಪದ, ನಮಗೆ ‘ಕೈ’ ಇರುವಂತೆ. ಪಟ್ಟಿ ಎಲ್ಲಿ ಮುಗಿಯುತ್ತದೆಂದು ಕರಪತ್ರದ ಚಿತ್ರದಲ್ಲಿ ಖಚಿತಪಡಿಸಿಕೊಂಡ ಮೇಲೆ, ಹಸ್ತವನ್ನಷ್ಟೇ ಸೂಚಿಸುವ ‘ಪ್ಲೌಕ್ಸ್ತ’ವನ್ನೂ ಮೊಣಕೈಯ ಕೆಳಭಾಗವನ್ನು ಸೂಚಿಸುವ ‘ಅಪಕ್ಶ್‌ದೆಲ್ಮ್ಸ್’ ಪದವನ್ನೂ ಬಳಸಿ ವಾಕ್ಯವನ್ನು ತಿದ್ದಿದೆ.

ಕನ್ನಡಿಗರಿಗೆ ಈ ತೊಡಕು ತಟ್ಟನೆ ಅರ್ಥವಾಗುತ್ತದೆ. ತೊಡೆಯಿಂದ ಅಂಗಾಲಿನವರೆಗೆ ಲಾಟ್ವಿಯನ್ನರದು ಒಂದೇ ‘ಕಾಯ’ (ನಮ್ಮಲ್ಲಿ ದೇಹವೆಂಬ ಅರ್ಥವುಳ್ಳ ಪದದಂತೆ ಕೇಳಿಸಿದರೂ ಅಲ್ಲಿ ಅದು ಕಾಲು). ಕೈಬೆರಳಿಗೂ ಕಾಲ್ಬೆರಳಿಗೂ ‘ಪಿರ್ಕ್ಸ್ತ್ಸ್’ ಒಂದೇ. ಕೈಗಡಿಯಾರವನ್ನು ಅವರು ‘ರುವೊಕಸ್ ಪುಲ್ಕ್‌ಸ್ತೆನಿಸ್’, ಎಂದರೆ ಅಕ್ಷರಶಃ ಕೈಯ ಗಡಿಯಾರ, ಎನ್ನುತ್ತಾರೆ. ದೂರವಾಣಿಗಿರುವ ‘ತಾಲ್‌ರುನಿಸ್’ ಪದದಲ್ಲಿಯೂ ದೂರ ಮತ್ತು ಮಾತು ಎರಡೂ ಸೇರಿವೆ.

ಕ್ರಿಯಾಪದಗಳಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಇಂಗ್ಲಿಷಿನ ‘ಗೋ’ ಎಂಬುದು ನಡೆದು ಹೋಗುವುದಾದರೆ ‘ಇಯೆತ್’, ವಾಹನದಲ್ಲಾದರೆ ‘ಬ್ರೌಕ್ತ್’ ಆಗುತ್ತದೆ. ಆದ್ದರಿಂದ ಪ್ರಯಾಣಿಕರು ರೈಲಿನಲ್ಲಿದ್ದಾರೆಯೇ ಕಾಲ್ನಡಿಗೆಯಲ್ಲಿದ್ದಾರೆಯೇ ಎಂದು ತಿಳಿಯದೆ ಈ ಒಂದು ಪದವನ್ನೂ ಸರಿಯಾಗಿ ಅನುವಾದಿಸಲಾಗದು. ‘ಪುಟ್ ಆನ್’ ಎಂಬುದಕ್ಕೆ ಕೋಟಾದರೆ ‘ಉಜ್ವಿಲ್ಕ್ತ್’, ಪಾದರಕ್ಷೆಯಾದರೆ ‘ಅಪೌತ್’, ಟೋಪಿಯಾದರೆ ‘ಉಜ್ಲಿಕ್ತ್’ ಬೇಕು. ಸೀರೆಯನ್ನು ಉಟ್ಟು, ರವಿಕೆಯನ್ನು ತೊಟ್ಟು, ಹೂವನ್ನು ಮುಡಿದು, ಚಪ್ಪಲಿಯನ್ನು ಮೆಟ್ಟುವ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ನಾವೀಗ ಎಲ್ಲವನ್ನೂ ‘ಹಾಕಿಕೊಳ್ಳುತ್ತಿದ್ದೇವೆ’ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇಂಗ್ಲಿಷಿನ ‘ಹ್ಯಾವ್’ ಕ್ರಿಯಾಪದಕ್ಕಂತೂ ಲಾಟ್ವಿಯನ್‌ನಲ್ಲಿ ನೇರವಾದ ಸಾಟಿಯೇ ಇಲ್ಲ. ‘ಮನ್ ಇರ್ ಬ್ರಾಲಿಸ್’ ಎಂದರೆ ಪದಕ್ಕೆ ಪದವಿಟ್ಟಂತೆ ‘ನನಗೆ ಇದ್ದಾನೆ ಸಹೋದರ’. ‘ಮನ್ ವಯಗ್ ಊದೆನಿ’ ಎಂದರೆ ‘ನನಗೆ ಬೇಕು ನೀರು’. ಲಾಟ್ವಿಯನ್ ಇಂಡೋ-ಯುರೋಪಿಯನ್ ಕುಟುಂಬದ ಬಾಲ್ಟಿಕ್ ಶಾಖೆಗೆ ಸೇರಿದ ಭಾಷೆ, ನಮ್ಮದು ದ್ರಾವಿಡ. ‘ಇರ್’ ಮತ್ತು ‘ಇರು’ ಹೋಲುವುದು ಆಕಸ್ಮಿಕ. ಆದರೆ ‘ನನಗೆ’ ಎಂದು ಚತುರ್ಥಿ ವಿಭಕ್ತಿಯಲ್ಲಿ ಮಾತು ಆರಂಭಿಸುವ ಈ ಬಗೆ ನಮಗೆ ಚಿರಪರಿಚಿತ. ಆ ಸಹೋದರ ಅಣ್ಣನೋ ತಮ್ಮನೋ ಎಂಬುದನ್ನು ಮಾತ್ರ ‘ಬ್ರಾಲಿಸ್’ ಹೇಳುವುದಿಲ್ಲ. ಕನ್ನಡಕ್ಕೆ ತರುವವರು ಅದನ್ನು ಕೇಳಿ ತಿಳಿಯಲೇಬೇಕು.

2004ರಲ್ಲಿ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳಲ್ಲೊಂದಾದ ಲಾಟ್ವಿಯನ್‌ಗೆ ಕಾನೂನು, ಆಡಳಿತಗಳ ಪರಿಭಾಷೆ ಕೋಶಗಳಲ್ಲಿ ದೊರೆಯುತ್ತದೆ. ನನ್ನ ಅನುಭವದಲ್ಲಿ ತಪ್ಪುಗಳು ಹೆಚ್ಚಾಗಿ ನುಸುಳುವುದು ಸುಲಭವೆಂದು ಯಾರೂ ಪರಿಶೀಲಿಸದ ಪದಗಳಲ್ಲಿ. ಹಾಗಾಗಿ ಬಿಡಿಪದಗಳ ಪಟ್ಟಿ ಬಂದರೆ, ಪ್ರತಿ ಪದಕ್ಕೂ ಒಂದು ವಾಕ್ಯವನ್ನೋ ಚಿತ್ರವನ್ನೋ ಕಳುಹಿಸುವಂತೆ ಮೊದಲು ಕೇಳುತ್ತೇನೆ. ಕಳೆದ ಬಾರಿ ಇಂಗ್ಲಿಷಿನ ‘ನೋ’ (know) ಎಂಬ ಕ್ರಿಯಾಪದವೊಂದಕ್ಕೇ ಮೂರು ವಾಕ್ಯಗಳನ್ನು ಬರೆಸಿಕೊಂಡೆ: ವಿಷಯ ಗೊತ್ತಿರುವುದಕ್ಕೆ ‘ಜಿನಾತ್’, ಮನುಷ್ಯರ ಪರಿಚಯವಿರುವುದಕ್ಕೆ ‘ಪಜೀತ್’, ಈಜು ಬರುವುದಕ್ಕೆ ‘ಪ್ರಸ್ತ್’. ಪಟ್ಟಿಯ ಒಂದು ಸಾಲು ಮೂರಾಯಿತು.