ಬೀಗಲ್‌ಬೋನ್ ಬ್ಲ್ಯಾಕ್: ಬೋರ್ಡ್ ಏಳದಿದ್ದರೆ, ನೆಟ್‌ವರ್ಕ್ ಸಿಗದಿದ್ದರೆ

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರ್ ಬೋರ್ಡಿಗೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಆಗುತ್ತಿಲ್ಲ ಎಂದಾಕ್ಷಣ ಐಪಿ ವಿಳಾಸ ತಿದ್ದಲು ಕೂರಬೇಡಿ. ಬೋರ್ಡ್ ಬೂಟ್ ಆಗಿದೆಯೋ ಇಲ್ಲವೋ ಎಂಬುದೇ ಇನ್ನೂ ಗೊತ್ತಿಲ್ಲ. ಮೊದಲು ಕರೆಂಟು, ಆಮೇಲೆ ಸೀರಿಯಲ್ (ಬೂಟ್ ಸಂದೇಶ ನೇರವಾಗಿ ಓದುವ ತಂತಿ), ಆಮೇಲೆ ಲಿಂಕ್, ಕೊನೆಗೆ ಐಪಿ.

ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಪಿ9 ಹೆಡರಿನ (ಬೋರ್ಡಿನ ಅಂಚಿನ ಪಿನ್ ಸಾಲಿನ) 1ನೇ ಪಿನ್ನಿಗೆ ಹಿಡಿದು ಕೆಂಪು ಕಡ್ಡಿಯನ್ನು 3ನೇ ಪಿನ್ನಿಗೆ ತಾಗಿಸಿ. 3.3 ವೋಲ್ಟ್ ಬರಬೇಕು. ಕೈ ನಡುಗಬಾರದು: ಪಕ್ಕದ 5ನೇ ಪಿನ್ನಿನಲ್ಲಿ ಜಾಕ್‌ನಿಂದ ಬಂದ 5 ವೋಲ್ಟ್ ಇರುತ್ತದೆ. ಕಡ್ಡಿ ಜಾರಿ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಪ್ರೊಸೆಸರ್ ಸುಟ್ಟುಹೋಗಬಹುದು. ಪವರ್ ಎಲ್‌ಇಡಿ ಒಮ್ಮೆ ಮಿನುಗಿ ಆರಿಹೋದರೆ ಎಲ್ಲೋ ಶಾರ್ಟ್ ಆಗಿದೆ. ಕೇಪ್ (ಮೇಲೆ ಕೂರಿಸುವ ಹೆಚ್ಚುವರಿ ಬೋರ್ಡ್), ತಂತಿ ಎಲ್ಲ ಕಿತ್ತು ಬರೀ ಬೋರ್ಡನ್ನು ಪರೀಕ್ಷಿಸಿ. ವೈಫೈ ಡಾಂಗಲ್ ಹಾಕಿದೊಡನೆ ರೀಬೂಟ್ ಆಗುತ್ತದೆಯೇ? ಯುಎಸ್‌ಬಿ ಕೇಬಲ್ಲಿನ 500 ಮಿಲಿಆಂಪ್ ಸಾಲುತ್ತಿಲ್ಲ, 5 ವೋಲ್ಟ್ 2 ಆಂಪ್ ಅಡಾಪ್ಟರ್ ಹಾಕಿ. 12 ವೋಲ್ಟ್ ಅಡಾಪ್ಟರಿನ ತುದಿಯೂ ಇದೇ ಜಾಕಿಗೆ ಸಲೀಸಾಗಿ ಕೂರುತ್ತದೆ, ಚುಚ್ಚುವ ಮುನ್ನ ಲೇಬಲ್ ಓದಿ. ಬೋರ್ಡಿಗೆ ಕರೆಂಟು ಬರುವ ಮೊದಲೇ ಸೆನ್ಸರಿನಿಂದ ಜಿಪಿಐಒ (ಸಿಗ್ನಲ್ ಒಳಗೆ-ಹೊರಗೆ ಹೋಗುವ) ಪಿನ್ನಿಗೆ ವೋಲ್ಟೇಜ್ ಹೋಗಲೂಬಾರದು.

ಸೀರಿಯಲ್‌ಗೆ ಜೆ1 ಹೆಡರ್: 1 ಗ್ರೌಂಡ್, 4 ಆರ್‌ಎಕ್ಸ್ (ಸ್ವೀಕರಿಸುವುದು), 5 ಟಿಎಕ್ಸ್ (ಕಳಿಸುವುದು). ಯುಎಸ್‌ಬಿ-ಸೀರಿಯಲ್ ಕೇಬಲ್ಲಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ ಹೋಗಬೇಕು. 3.3 ವೋಲ್ಟಿನ ಕೇಬಲ್ಲೇ ಬೇಕು. ವೇಗ 115200. ಪರದೆಯಲ್ಲಿ ಸಾಲು ಬರುತ್ತಿದ್ದರೂ ಟೈಪ್ ಮಾಡಿದ್ದು ಹೋಗದಿದ್ದರೆ ಸೀರಿಯಲ್ ತಂತ್ರಾಂಶ ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ. 'ಸಿಸಿಸಿಸಿ' ಎಂದು ಅಕ್ಷರ ಸುರಿಯುತ್ತಿದ್ದರೆ ಪ್ರೊಸೆಸರ್ ಸರಿಯಾಗಿಯೇ ಇದೆ, ಅದಕ್ಕೆ ಬೂಟ್‌ಲೋಡರ್ (ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ) ಸಿಕ್ಕಿಲ್ಲ ಅಷ್ಟೇ. ಇಮೇಜ್ ಬರೆದ ಮೈಕ್ರೊಎಸ್‌ಡಿ ಹಾಕಿ, ಎಸ್2 ಗುಂಡಿ ಒತ್ತಿಹಿಡಿದೇ ಕರೆಂಟು ಕೊಡಿ. ರೀಸೆಟ್ ಒತ್ತಿದರೆ ಸಾಲದು. ಆ ಗುಂಡಿಯನ್ನು ಚಿಪ್ ಗಮನಿಸುವುದು ಕರೆಂಟು ಬರುವ ಕ್ಷಣದಲ್ಲಿ ಮಾತ್ರ.

ಬೂಟ್ ಆಗಿ ಲಾಗಿನ್ ಬಂದ ಮೇಲೆ 'ಐಪಿ ಲಿಂಕ್' (ip link) ಆದೇಶ ಕೊಡಿ. 'ನೋ-ಕ್ಯಾರಿಯರ್' ಎಂದರೆ ಕೇಬಲ್ ಅಥವಾ ಸ್ವಿಚ್ ಪೋರ್ಟ್ ಬದಲಿಸಿ ನೋಡಿ. ಕೇಬಲ್ ಸರಿಯಿದ್ದೂ ಈಥರ್ನೆಟ್ ಸತ್ತಂತಿದ್ದರೆ ಡಿಮೆಸೇಜ್‌ನಲ್ಲಿ (dmesg, ಕರ್ನಲ್ ಸಂದೇಶಗಳ ಪಟ್ಟಿ) 'ಫೈ ನಾಟ್ ಫೌಂಡ್' ಎಂಬ ಸಾಲು ಹುಡುಕಿ. ಈಥರ್ನೆಟ್ ಕೇಬಲ್ಲಿನ ಸಿಗ್ನಲ್ ನೋಡಿಕೊಳ್ಳುವ ಚಿಪ್ಪೇ ಫೈ. ಅದು ಸಿಗದಿರುವುದು ಈ ಬೋರ್ಡಿನ ಹಳೆಯ ಕಾಯಿಲೆ. ಲ್ಯಾನ್8710ಎ ಫೈ ಚಿಪ್ ರೀಸೆಟ್‌ನಿಂದ ಹೊರಬರುವಾಗ ಕೆಲವು ಪಿನ್‌ಗಳ ಮಟ್ಟ ಓದಿ ತನ್ನ ವಿಳಾಸ ಗೊತ್ತುಮಾಡಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಮಟ್ಟ ಸ್ಥಿರವಾಗಿಲ್ಲದಿದ್ದರೆ 0 ಆಗಬೇಕಾದ ವಿಳಾಸ 2 ಆಗಿಬಿಡುತ್ತದೆ. ಡ್ರೈವರ್ 0ಯ ಬಾಗಿಲು ಬಡಿಯುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಗುರುತು ಏನೆಂದರೆ, ಕರೆಂಟು ತೆಗೆದು ಹಾಕಿದಾಗ ಈಥರ್ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಹೀಗಿದ್ದಾಗ ಕೇಬಲ್ ಬದಲಿಸುತ್ತ ಕೂತರೆ ಫಲವಿಲ್ಲ. ಎಲ್ಲ ವಿಳಾಸಗಳಲ್ಲೂ ಫೈ ಹುಡುಕಿ ಡಿವೈಸ್ ಟ್ರೀ (ಕರ್ನಲ್‌ಗೆ ಕೊಡುವ ಹಾರ್ಡ್‌ವೇರ್ ವಿವರ) ತಿದ್ದುವ ಯು-ಬೂಟ್ ಬೂಟ್‌ಲೋಡರ್ ಇರುವ ಇಮೇಜ್ ಹಾಕಿಕೊಳ್ಳಿ.

ಲಿಂಕ್ ಇದ್ದು 169.254ರಿಂದ ಶುರುವಾಗುವ ಐಪಿ ಬಂದರೆ ಡಿಎಚ್‌ಸಿಪಿ (ಐಪಿ ಹಂಚುವ ವ್ಯವಸ್ಥೆ) ಉತ್ತರ ಸಿಕ್ಕಿಲ್ಲ, ರೌಟರ್ ಕಡೆ ನೋಡಿ.

ಪಿಂಗ್ ಸಲೀಸಾಗಿ ಹೋಗುತ್ತದೆ, ಆದರೆ ಎಚ್‌ಟಿಟಿಪಿಎಸ್ ತಾಣಗಳೆಲ್ಲ ಸರ್ಟಿಫಿಕೇಟ್ ದೋಷ ಕೊಡುತ್ತವೆ ಎಂದರೆ 'ಡೇಟ್' ಕೊಟ್ಟು ನೋಡಿ. ಬೋರ್ಡಿನ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟು ಹೋದಾಗಲೆಲ್ಲ ದಿನಾಂಕ ಹಿಂದಕ್ಕೆ ಬೀಳುತ್ತದೆ. ನಿಮ್ಮ ನೆಟ್‌ವರ್ಕಿನ ಫೈರ್‌ವಾಲ್ ಯುಡಿಪಿ 123 ಪೋರ್ಟ್ ತಡೆದಿದ್ದರೆ ಎನ್‌ಟಿಪಿ (ನೆಟ್‌ವರ್ಕಿನಿಂದ ಸಮಯ ತರುವ ವ್ಯವಸ್ಥೆ) ತಲುಪುವುದಿಲ್ಲ, ದಿನಾಂಕವನ್ನು ಕೈಯಾರೆ ಹೊಂದಿಸಬೇಕು.