ಮೂಲಂಗಿ ಕೇಕ್ ತಿಂದರೆ ತರಕಾರಿ ತಿಂದಂತೆಯೇ?

ಪ್ರಶ್ನೆ: ಹಾಂಗ್‌ಕಾಂಗ್‌ನ ಡಿಮ್ ಸಮ್ (ಚಹಾ ಜೊತೆಗಿನ ಸಣ್ಣ ತಿಂಡಿಗಳ) ಹೋಟೆಲುಗಳಲ್ಲಿ ಸಿಗುವ ಖಾರದ ಮೂಲಂಗಿ ಕೇಕನ್ನು ಸಕ್ಕರೆ ಕಾಯಿಲೆಯವರು ಧಾರಾಳವಾಗಿ ತಿನ್ನಬಹುದೇ? ಅದು ತರಕಾರಿಯೇ ಅಲ್ಲವೇ?

ಉತ್ತರ: ಅಲ್ಲ. ಒಂದೆರಡು ಹೋಳು ತಿನ್ನಿ, ಆದರೆ ಅದನ್ನು ಅನ್ನದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇದನ್ನು ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಈ ಸಲ ಅಂಕಿಗಳನ್ನೇ ಮುಂದಿಡುತ್ತೇನೆ.

ಕ್ಯಾಂಟನೀಸರ ಈ ಲೊ ಬಾಕ್ ಗೋಗೆ ಒಂದು ಕಿಲೋ ಬಿಳಿ ಮೂಲಂಗಿಯ ತುರಿಗೆ 200 ಗ್ರಾಂನಷ್ಟು ಅಕ್ಕಿ ಹಿಟ್ಟು ಹಾಕುತ್ತಾರೆ ಎನ್ನೋಣ. ತೂಕದಲ್ಲಿ ಮೂಲಂಗಿ ಐದು ಪಟ್ಟು. ಎಲ್ಲರೂ ಎಡವುವುದು ಇಲ್ಲಿಯೇ. ಮೂಲಂಗಿಯಲ್ಲಿ ಶೇ. 94ಕ್ಕೂ ಹೆಚ್ಚು ನೀರು. ಇಡೀ ಕಿಲೋದಿಂದ ಸಿಗುವುದು ಸುಮಾರು 180 ಕಿಲೋಕ್ಯಾಲೊರಿ, 40 ಗ್ರಾಂ ಕಾರ್ಬೊಹೈಡ್ರೇಟ್. ಆ ಸ್ವಲ್ಪ ಹಿಟ್ಟಿನಿಂದಲೋ ಸುಮಾರು 720 ಕಿಲೋಕ್ಯಾಲೊರಿ, 160 ಗ್ರಾಂ ಕಾರ್ಬೊಹೈಡ್ರೇಟ್! ಕ್ಯಾಲೊರಿಯ ಐದರಲ್ಲಿ ನಾಲ್ಕು ಪಾಲು ಹಿಟ್ಟಿನಿಂದಲೇ, ಅಂದರೆ ಬಹುಮಟ್ಟಿಗೆ ಪಿಷ್ಟದಿಂದಲೇ ಬಂದ ಮೇಲೆ ಹೆಸರು ಯಾವುದಾದರೇನು? ಮೂಲಂಗಿಯ ವಿಟಮಿನ್ ಸಿ ಆದರೂ ಉಳಿಯುತ್ತದೆಯೇ ಎಂದರೆ, ಒಂದು ಗಂಟೆ ಹಬೆಯಲ್ಲಿ ಬೆಂದಾಗ ಅದರಲ್ಲೂ ಬಹುಪಾಲು ಹೋಗುತ್ತದೆ.

ಇಷ್ಟಕ್ಕೂ ಬಗ್ಗದವರು ಇನ್ನೊಂದು ವಾದ ತರುತ್ತಾರೆ: ‘ಮೂಲಂಗಿಯೇ ಆ ಪಿಷ್ಟವನ್ನು ಜೀರ್ಣಿಸುತ್ತದೆ.’ ಹಸಿ ಮೂಲಂಗಿಯಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ಇರುವುದು ನಿಜ. ಬೇಯಿಸಿದರೆ ಅದು ಕೆಲಸಕ್ಕೆ ಬಾರದು. ಒಂದು ವೇಳೆ ಉಳಿಯಿತೆನ್ನಿ, ಪಿಷ್ಟ ಒಡೆದರೆ ಆಗುವುದು ಏನು? ಸಕ್ಕರೆಯೇ. ಮಧುಮೇಹಿಗೆ ಅದರಿಂದ ಯಾವ ಉಪಕಾರವೂ ಇಲ್ಲ!

ಹೋಳುಗಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿಯುವುದರಿಂದ ಕೊಬ್ಬು, ಲಾಪ್ ಚೋಂಗ್ ಎಂಬ ಒಣ ಹಂದಿಮಾಂಸದ ಸಾಸೇಜು ಮತ್ತು ಒಣ ಸೀಗಡಿಯಿಂದ ಉಪ್ಪು ಸೇರುತ್ತವೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಮೂಲಂಗಿ ಎಂಬ ಹೆಸರು ನಂಬಿ ಸೀಗಡಿ ನುಂಗಿದವರಿದ್ದಾರೆ.

ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ: ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಪಿಷ್ಟದ ಒಂದಂಶ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಮತ್ತೆ ಬಿಸಿ ಮಾಡಿದರೂ ಅದರಲ್ಲಿ ಕೆಲಭಾಗ ಹಾಗೆಯೇ ಉಳಿಯುತ್ತದೆ. ಅದನ್ನು ನೆಪ ಮಾಡಿಕೊಂಡು ಇನ್ನೆರಡು ಹೋಳು ತಿನ್ನುವಷ್ಟು ದೊಡ್ಡ ಲಾಭವಲ್ಲ. ಅಡುಗೆಯವರು ತಣಿಸುವುದು ಬೇರೆ ಕಾರಣಕ್ಕೆ: ಬಿಸಿಯಿರುವಾಗ ಕೊಯ್ದರೆ ಕೇಕು ಚೂರಿಗೆ ಮೆತ್ತಿಕೊಂಡು ಮುದ್ದೆಯಾಗುತ್ತದೆ.